ಮಾವನವರ ಕಾಲು, ಮಗಳ ಪರೀಕ್ಷೆ

ಆರು ವರ್ಷ ಹಿಮ ಬೀಳುವ ಹೊರದೇಶದಲ್ಲಿ ವೈದ್ಯಕೀಯ ಓದಿ, ಮರಾಠಿ-ಕನ್ನಡ ಗಡಿಯ ನಮ್ಮ ಗಡಹಿಂಗ್ಲಜಕ್ಕೆ ಮರಳಿದ ನನ್ನ ಮಗಳು ಮನೆಯ ಹೊಸ್ತಿಲು ದಾಟುವ ಮೊದಲೇ ಏಣಿ ಹತ್ತಿದಳು. ಚೌಕದಲ್ಲಿ ಅವಳದೇ ಫ್ಲೆಕ್ಸ್ ನಿಂತಿತ್ತು. ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಯಾವ ಸಂತೋಷವೂ ಪೂರ್ತಿಯಾಗುವುದಿಲ್ಲ. ಹುಟ್ಟುಹಬ್ಬಕ್ಕೊಂದು, ಸೊಸೈಟಿ ಚುನಾವಣೆಗೊಂದು, ಓಟದಲ್ಲಿ ಗೆದ್ದ ಎತ್ತಿಗೂ ಒಂದು. ಇದನ್ನು ಹಾಕಿಸಿದವರು ನನ್ನ ಮಾವನವರು, ಮೆಣಸಿನಕಾಯಿ ವ್ಯಾಪಾರದಲ್ಲೇ ಎಂಬತ್ತು ದಾಟಿದವರು. ಮೊಮ್ಮಗಳ ಫೋಟೋದ ಕೊರಳಿಗೆ ಕಂಪ್ಯೂಟರಿನಲ್ಲಿ ಸ್ಟೆತೊಸ್ಕೋಪ್ ಹಾಕಿಸಿ, ಹೆಸರಿನ ಮುಂದೆ ಮರಾಠಿಯಲ್ಲಿ ದಪ್ಪಗೆ ‘ಡಾಕ್ಟರ್’ ಎಂದು ಬರೆಸಿದ್ದರು. ಅವಳು ಪಕ್ಕದ ಅಂಗಡಿಯಿಂದ ಗೋಂದು, ಹಳೆ ಪೇಪರು ತರಿಸಿ ಆ ಒಂದು ಶಬ್ದದ ಮೇಲೆ ಅಂಟಿಸಿದಳು.

“ಏನ್ ಮಾಡಾಕತ್ತೀಯವ್ವಾ?” ಮಾವನವರು ಕೆಳಗಿನಿಂದ ಕೂಗಿದರು.

“ಅಜ್ಜಾ, ನಾ ಇನ್ನೂ ಡಾಕ್ಟರ್ ಅಲ್ರಿ. ಇಲ್ಲಿ ಪರೀಕ್ಷಾ ಪಾಸಾಗಬೇಕು, ನೋಂದಣಿ ಆಗಬೇಕು. ಅಲ್ಲೀತನಕ ಹಂಗ ಬರಕೊಂಡ್ರ ತಪ್ಪಾಗತೈತಿ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಮಾವನವರ ತಪ್ಪೇ. ಆದರೆ ನನಗೆ ಸಿಟ್ಟು ಬಂದದ್ದು ಮಗಳ ಮೇಲೆ. ಇಡೀ ಚೌಕದ ಎದುರು ಮುದುಕರ ಮುಖಕ್ಕೆ ಕಾಗದ ಅಂಟಿಸಬೇಕಿತ್ತೇ? ನನ್ನ ಬಾಯಿ ಓಣಿಗೆಲ್ಲ ಗೊತ್ತು. ಮನೆ ಸೇರುವ ತನಕವೂ ಬೈದೆ.

ಊಟವಾದ ಮೇಲೆ ಅವಳು ಎಲ್ಲ ಬಿಡಿಸಿ ಹೇಳಿದಳು. ಹೊರಗೆ ಓದಿ ಬಂದವರು ಇಲ್ಲಿ ಒಂದೇ ದಿನ ಮುನ್ನೂರು ಪ್ರಶ್ನೆಗೆ ಉತ್ತರ ಬರೆಯಬೇಕು. ನೂರೈವತ್ತು ಸರಿ ಬರಲೇಬೇಕು, ಒಂದು ಕಡಿಮೆಯಾದರೂ ಫೇಲು. ಪಾಸಾದರೆ ತಾತ್ಕಾಲಿಕ ನೋಂದಣಿ, ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಒಂದು ವರ್ಷ ದುಡಿಮೆ. ಆಮೇಲೆಯೇ ಸ್ವಂತವಾಗಿ ಔಷಧಿ ಬರೆಯುವ ಹಕ್ಕು.

“ಹಂಗಾದ್ರ ಆರ್ ವರ್ಷ ಓದಿದ್ದು ಹಿಮದಾಗ ಕರಗಿ ಹೋತೇನು?” ಎಂದೆ.

“ಅವ್ವಾ, ನಾ ಎಲ್ಲಿ ಓದೇನಿ, ಏನ್ ಓದೇನಿ ಅಂತ ಪೇಶಂಟಿಗೆ ಗೊತ್ತಿರೂದಿಲ್ಲ. ಅವರ ಪರವಾಗಿ ಯಾರರೆ ಒಬ್ಬರು ಕೇಳಾಕ ಬೇಕಲ್ಲ?”

ಮಾತು ಸರಿಯೇ. ಆದರೂ ಗೊಣಗಿದೆ.

ಮೊದಲ ಸಲ ಏಳು ಅಂಕ ಕಡಿಮೆ ಬಿದ್ದು ಫೇಲಾದಳು. ತಪ್ಪು ನಮ್ಮದೂ ಇತ್ತು. ಓಣಿಯವರು ರಕ್ತದ ರಿಪೋರ್ಟು, ಎಕ್ಸ್‌ರೇ ಹಿಡಿದು ದಿನಾ ಬರುತ್ತಿದ್ದರು, ನಾನು ಚಹಾ ಮಾಡಿ ಕೂರಿಸುತ್ತಿದ್ದೆ. “ದವಾಖಾನೀಗೆ ತೋರಸ್ರಿ” ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುವುದರಲ್ಲೇ ಅವಳ ಮುಂಜಾನೆ ಮುಗಿಯುತ್ತಿತ್ತು. ಕಡೆಗೆ ಇಚಲಕರಂಜಿಯ ನನ್ನ ತವರಿಗೆ ಹೊರಟಳು. ಅಲ್ಲಿ ನನ್ನ ತಮ್ಮನ ಪವರ್‌ಲೂಮ್ ಶೆಡ್ಡಿದೆ, ಶೆಡ್ಡಿನ ಮೇಲೊಂದು ಕೋಣೆ. ಮಗ್ಗಗಳ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅಂಥಲ್ಲಿ ಯಾರು ತಾನೇ ರಿಪೋರ್ಟು ತರುತ್ತಾರೆ?

ತಿಂಗಳಾದ ಮೇಲೆ ನೋಡಲು ಹೋದೆ. ನೆಲ ನಡುಗುತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ತಾನು ತಪ್ಪು ಮಾಡಿದ ಪ್ರಶ್ನೆಗಳನ್ನು ಮಾತ್ರ ಅದರಲ್ಲಿ ಬರೆಯುವುದು. ಹಾಗೆ ತುಂಬಿದ ಪುಸ್ತಕಗಳು ಪಕ್ಕದಲ್ಲಿ ಒಂಬತ್ತಿದ್ದವು. ಬಾಗಿಲಲ್ಲಿ ನಿಂತ ನಾನು ಅವಳಿಗೆ ಕಾಣಲೇ ಇಲ್ಲ. “ಕರೆಂಟ್ ಹೋಗಿ ಮಗ್ಗ ನಿಂತ್ರ ಗಾಬರಿಯಾಗಿ ಎದ್ದ ನೋಡ್ತಾಳಕ್ಕಾ” ಎಂದ ನನ್ನ ತಮ್ಮ. ತಮ್ಮ ತಪ್ಪುಗಳನ್ನೇ ಎದುರಿಗೆ ಹರಡಿಕೊಂಡು ಮನುಷ್ಯರು ಅಷ್ಟು ಹೊತ್ತು ಕೂರಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕಂಡು ಮೈ ಜುಮ್ಮೆಂದದ್ದು ಅವತ್ತೇ ಮೊದಲು. ತಂದಿದ್ದ ರೊಟ್ಟಿ ಬುತ್ತಿ ಅಲ್ಲೇ ಇಟ್ಟು ಮಾತಾಡಿಸದೆ ಇಳಿದು ಬಂದೆ.

ಇತ್ತ ಮನೆಯಲ್ಲಿ ಮಾವನವರ ಕಾಲಿಗೆ ಹೊಸ ಚಪ್ಪಲಿ ಕಚ್ಚಿತ್ತು. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಗಾಯವನ್ನು ಧೋತರದಲ್ಲಿ ಮುಚ್ಚಿಟ್ಟುಕೊಂಡು ತಿರುಗಿದರು. ನನಗೆ ಗೊತ್ತಾದದ್ದು ವಾಸನೆ ಬಂದಾಗ. ಅಷ್ಟರಲ್ಲಿ ಒಂದು ಬೆರಳು ಕಪ್ಪಾಗಿತ್ತು.

“ದವಾಖಾನೀಗೆ ನಡೀರಿ ಮಾವಾ.”

“ಮನ್ಯಾಗ ಡಾಕ್ಟರ್ ಇಟಗೊಂಡು ಮಂದಿ ಬಾಗಲಾ ಯಾಕ ತುಳೀಲಿ? ಕೂಸ ಪಾಸಾಗಿ ಬರ್ಲಿ, ಆಕೀ ಕೈಲೇನ ತೋರಸತೇನಿ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮಾವನವರಿಗೆ ಹಿತ್ತಲ ಗಿಡ ಬಿಟ್ಟರೆ ಬೇರೆ ಮದ್ದೇ ಬೇಡವಾಗಿತ್ತು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಬೇರೆ ದಾರಿ ಕಾಣದೆ ಮಗಳಿಗೆ ಫೋನು ಮಾಡಿದೆ.

ಮೊದಲ ಬಸ್ಸಿಗೇ ಬಂದಳು. ಧೋತರ ಸರಿಸಿ ಕಾಲು ನೋಡಿದಳು. ನಾನು ಚೀಟಿ, ಪೆನ್ನು ಮುಂದೆ ಹಿಡಿದೆ. “ಏನರೆ ಬರದ ಕೊಡವ್ವಾ. ಮೆಡಿಕಲ್‌ನಾಂವ ನಮ್ಮಾಂವ, ಸಹಿ ಗಿಹಿ ಕೇಳೂದಿಲ್ಲ.”

ಔಷಧಿಯ ಹೆಸರು ಅವಳಿಗೆ ಗೊತ್ತಿತ್ತು. ತುಟಿ ಅಲುಗಿದ್ದನ್ನು ನಾನೇ ಕಂಡೆ. ಪೆನ್ನು ಮುಟ್ಟದೆ, “ಕೊಲ್ಹಾಪುರಕ್ಕ ನಡೀರಿ ಅಜ್ಜಾ” ಎಂದಳು.

“ನೀ ನೋಡಂಗಿಲ್ಲಂದ್ರ ನಾ ಎಲ್ಲೀಗೂ ಬರಂಗಿಲ್ಲ.” ಮಾವನವರು ಗೋಡೆಯತ್ತ ಮುಖ ತಿರುಗಿಸಿದರು.

“ನೋಡೇನಿ ಅಜ್ಜಾ. ನೋಡೇ ಹೇಳಾಕತ್ತೇನಿ. ಇವತ್ತ ಹೋಗಲಿಲ್ಲಂದ್ರ ಕಾಲ ಹೋಗತೈತಿ.”

ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಜೀವಮಾನದಲ್ಲಿ ಯಾರ ಮಾತೂ ಕೇಳದ ಮಾವನವರು ಎದ್ದು ಟೋಪಿ ಹಾಕಿಕೊಂಡರು.

ಕೊಲ್ಹಾಪುರದ ದೊಡ್ಡ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಎಂಬ ರೋಗಿಯ ಚೀಟಿ ಮಾಡಿಸುವ ಸಾಲಿನಲ್ಲಿ ಅವಳೇ ನಿಂತಳು. ಒಳಗೆ ಅವಳದೇ ವಯಸ್ಸಿನ ಡಾಕ್ಟರ್ ಗಾಯ ನೋಡುತ್ತ, ನೀವು ಯಾರು ಎಂದು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕೈ ಅದುಮಿದಳು. “ನಾತ್” ಎಂದಳು, ಮೊಮ್ಮಗಳು. ಅಷ್ಟೇ. ನನಗೆ ಕಿರುಚಬೇಕೆನಿಸಿತು. ಆರು ವರ್ಷದ ಓದನ್ನು ಹೊರಗಿನ ಬೆಂಚಿನ ಮೇಲಿಟ್ಟು ಬಂದವಳಂತೆ ಅವಳು, ಬ್ಯಾಂಡೇಜು ಎಲ್ಲಿಂದ ತರಬೇಕು ಎಂದು ಕೇಳುತ್ತಿದ್ದಳು.

ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಒಂಬತ್ತು ದಿನ ಅವಳು ಅಜ್ಜನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತೇ ಓದಿದಳು. ಅಲ್ಲಿಂದಲೇ ಪುಣೆಗೆ ಹೋಗಿ ಪರೀಕ್ಷೆ ಬರೆದಳು. ಪಾಸಾದಳು. ಅಂಕ ಎಷ್ಟೆಂದು ನಾನು ಕೇಳಲಿಲ್ಲ. ಆಮೇಲೆ ಕಾಗದಪತ್ರ ತಪಾಸಣೆ ಎಂದು ಮತ್ತೆ ತಿಂಗಳುಗಳು. ಗೆದ್ದ ಮೇಲೂ ಕಾಯುವ ಅವಳ ತಾಳ್ಮೆ ನನ್ನದಂತೂ ಅಲ್ಲ, ಎಲ್ಲಿಂದ ಬಂತೋ.

ಕೊನೆಗೂ ತಾತ್ಕಾಲಿಕ ನೋಂದಣಿಯಾಗಿ ಕೊಲ್ಹಾಪುರದ ಅದೇ ಆಸ್ಪತ್ರೆಯಲ್ಲಿ ಒಂದು ವರ್ಷದ ಆ ದುಡಿಮೆಗೆ ಸೇರಿದಳು. ಮಾವನವರ ಗಾಯ ಮಾಗಿದಂತೆ ಮಾಡಿ ಮತ್ತೆ ಬಾಯಿ ತೆರೆದಿತ್ತು. ಡ್ರೆಸ್ಸಿಂಗಿಗೆ ಹೋದೆವು. ಅವಳಿಗೆ ಹೇಳಬೇಡ ಎಂದರು, ಸಾಲಿನಲ್ಲೇ ಕೂತರು. ನಮ್ಮ ಸರದಿ ಬಂದಾಗ ಮೇಜಿನ ಹತ್ತಿರ ಇದ್ದವಳು ಅವಳೇ, ಹಿಂದೆ ಹಿರಿಯ ಡಾಕ್ಟರ್ ನಿಂತಿದ್ದರು. ಒಂದು ಗಳಿಗೆ ನಮ್ಮನ್ನು ನೋಡಿದಳು. ಕೈಗವಸು ಹಾಕಿಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕೂತು, ಅಜ್ಜನ ಪಾದಕ್ಕೆ ಬಾಗಿದಳು.

ಕಿರಿಯರು ಪಾದಕ್ಕೆ ಬಾಗಿದರೆ ನಮ್ಮಲ್ಲಿ ಹಿರಿಯರ ಕೈ ತಾನಾಗಿ ಏಳುತ್ತದೆ. ಮಾವನವರ ಬಲಗೈ ಎದ್ದಿತು, ಅವಳ ತಲೆಯ ಮೇಲೆ ಇಳಿಯಬೇಕು.

“ಅಲುಗಾಡಬ್ಯಾಡ್ರಿ.”

ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಅವರ ತೊಡೆಯ ಮೇಲೆ ಕೂತಿತು. ಅವಳು ಹಳೆಯ ಪಟ್ಟಿ ಬಿಚ್ಚಿದಳು, ತೊಳೆದಳು, ಹಿರಿಯರಿಗೆ ತೋರಿಸಿದಳು, ಹೊಸದು ಕಟ್ಟಿದಳು. ಮಾವನವರು ಉಸಿರು ಬಿಗಿ ಹಿಡಿದು ಆ ಕೈಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಟೋಪಿ ಸರಿಪಡಿಸಿಕೊಂಡು ಎದ್ದು ನಿಂತರು. ಕಿರಿಯರನ್ನು ಒಮ್ಮೆಯೂ ಬಹುವಚನದಲ್ಲಿ ಕರೆದವರಲ್ಲ.

“ಮುಂದ ಯಾವಾಗ ಬರ್ಲಿ ರೀ, ಡಾಕ್ಟರ್?”

“ಶುಕ್ರವಾರ ಬರ್ರಿ,” ಎಂದಳು ಮಗಳು, ಕೇಸ್ ಪೇಪರಿನಿಂದ ತಲೆ ಎತ್ತದೆ. ಎತ್ತಿದ್ದರೆ ಅವಳೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.