ನೆರಳಿನ ಉಗ್ರಾಣದಲ್ಲಿ ಸಿಕ್ಕಿಬಿದ್ದವಳು

ಚಿಕ್ಕೇರೂರಿನ ರಾಜಶ್ರೀ ಬೆಂಡಿ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನವೇ ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರ ತೆಗೆದು, ಕೆಂಪು ಕಾಗದದ ಟೊಪ್ಪಿಗೆ ತೊಡಿಸಬೇಕು. ಬೆಳಿಗ್ಗೆ ಬೇರೆ ಸಾಲಿನ ಹೂವು ತಂದು ಪರಾಗ ಮುಟ್ಟಿಸಬೇಕು. ಬೀಜದ ಕಂಪನಿಯವರು ಒಯ್ಯುವ ಹೈಬ್ರಿಡ್ ಬೀಜ ಹುಟ್ಟುವುದು ಹೀಗೆ, ಹೆಂಗಸರ ಬೆರಳ ತುದಿಯಲ್ಲಿ. ಹನ್ನೊಂದು ವರ್ಷದಲ್ಲಿ ರಾಜಶ್ರೀಗೆ ಆ ಕೆಲಸ ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾಗಿತ್ತು. ಬಗ್ಗದೆ ಕಾಡುತ್ತಿದ್ದದ್ದು ಇನ್ನೊಂದು ಕೆಲಸ: ಕಥೆ ಬರೆಯುವುದು.

ಹಿರೇಕೆರೂರಿನಲ್ಲಿ ಪಿಯುಸಿ ಓದುವಾಗ ಹತ್ತಿದ ಚಟ ಅದು. ಈಗ ಮೊಬೈಲಿನ ಕಥೆಗಳ ಆ್ಯಪಿನಲ್ಲಿ ಒಂದು ಮಾಯಾಲೋಕದ ಕಥೆಯನ್ನು ಕಂತು ಕಂತಾಗಿ ಹಾಕುತ್ತಿದ್ದಳು. ಪ್ರಜೆಗಳ ನೆರಳು ಕಿತ್ತು ಉಗ್ರಾಣದಲ್ಲಿ ಕೂಡಿಡುವ ಒಬ್ಬ ಅರಸ. ನೆರಳಿಲ್ಲದೆ ದಿನೇ ದಿನೇ ಸೊರಗುವ ತಮ್ಮ. ಅವನ ನೆರಳು ತರಲು ಹೊರಟ ಅಕ್ಕ ಹೇಮಗಂಧಿ. ಹದಿಮೂರು ಕಂತು ನೀರು ಕುಡಿದಷ್ಟು ಸುಲಭವಾಗಿ ಬಂದವು. ಹದಿಮೂರನೆಯದರ ಕೊನೆಗೆ ಹೇಮಗಂಧಿ ಕಾವಲುಗಾರರ ಕಣ್ಣು ತಪ್ಪಿಸಿ ಉಗ್ರಾಣ ಹೊಕ್ಕಳು. ಒಳಗೆ ಸಾವಿರಾರು ನೆರಳು, ಎಲ್ಲವೂ ಒಂದೇ ಕಪ್ಪು. ತಮ್ಮನದು ಯಾವುದು?

ರಾಜಶ್ರೀಗೂ ಗೊತ್ತಿರಲಿಲ್ಲ. ಏಳು ತಿಂಗಳಿಂದ ಹೇಮಗಂಧಿ ಅಲ್ಲೇ ನಿಂತಿದ್ದಳು.

ರಾಜಶ್ರೀ ಕಥೆಯೊಳಗೆ ಮಾತಾಡುವ ಗಿಳಿಯೊಂದನ್ನು ತಂದಳು, ಅಳಿಸಿದಳು. ಮುದುಕ ಋಷಿಯನ್ನು ತಂದಳು. ಅವನು ಬಾಯಿ ತೆರೆಯುತ್ತಲೇ ಬೇಸರ ಬಂದು ಅವನನ್ನೂ ಅಳಿಸಿದಳು. ಕಲ್ಲು ಕಂಬ ನೋಡಿದರೆ ಏನಾದರೂ ಹೊಳೆದೀತೆಂದು ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಗೆ ಹೋಗಿ ಅರ್ಧ ದಿನ ಕೂತಳು. ತಲೆನೋವು ಬಂತು, ಅಷ್ಟೇ. ಶಿಗ್ಗಾವಿಯ ಸುಹಾನಾ ಎಂಬ ಓದುಗಾರ್ತಿ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದಳು: "ಮುಂದಿನ ಭಾಗ ಯಾವಾಗ್ರಿ ಅಕ್ಕಾ?" ಮೊದಮೊದಲು ಹಿಗ್ಗು ತಂದ ಆ ಪ್ರಶ್ನೆ ಈಗ ಉಗುರುಸಂದಿಯ ಮುಳ್ಳಿನಂತೆ ಚುಚ್ಚುತ್ತಿತ್ತು.

ಹಿಟ್ಟಿನ ಗಿರಣಿ ನಡೆಸುವ ಗಂಡ ಅಂಬರೀಶನಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲ. "ಆಕಿಗೆ ಒಂದು ಮಂತ್ರದ ಉಂಗುರ ಕೊಟ್ಟಬಿಡು, ಮುಗೀತು," ಎಂದ.

"ನಿಮ್ಮ ಗಿರಣಿ ಬೆಲ್ಟ್ ಹರದ್ರ ಮಂತ್ರದ ಉಂಗುರ ಹಾಕ್ತೀರೇನ್ರಿ?" ಎಂದು ರೇಗಿದಳು.

ಹೊಲದಲ್ಲಿ ಬೇಸರ ಕಳೆಯಲು ಈ ಕಥೆಯನ್ನು ಜೊತೆಯವರಿಗೆ ಹಿಂದೊಮ್ಮೆ ಹೇಳಿದ್ದಳು. ಒಂದು ಮಧ್ಯಾಹ್ನ, ಮೊಗ್ಗು ಸೀಳುತ್ತ ಕೂತಾಗ, ಹೊಸದಾಗಿ ಕೆಲಸಕ್ಕೆ ಬಂದ ತನುಜಾಳಿಗೆ ಅರವತ್ತರ ನಾಗವ್ವ ಅದನ್ನು ಹೇಳತೊಡಗಿದಳು. ಅವಳ ಬಾಯಲ್ಲಿ ಅರಸನಿಗೆ ಮೂರು ಹೆಂಡಿರು ಬಂದರು. ಕಾವಲುಗಾರನಿಗೆ ಕುಂಟುಗಾಲು ಬಂತು. ಪಕ್ಕದ ಸಾಲಿನಲ್ಲಿದ್ದ ರಾಜಶ್ರೀ ಹಲ್ಲು ಕಚ್ಚಿ ಮೊಗ್ಗು ಸೀಳುತ್ತಿದ್ದಳು.

"ಆಮ್ಯಾಲ ಏನ್ ಮಾಡಿದ್ಲು?" ತನುಜಾ ಕೇಳಿದಳು.

"ಏನ್ ಮಾಡ್ತಾಳ? ಕೈಗೆ ಸಿಕ್ಕ ನೆರಳ ಒಂದು ಸುತ್ತಿಗೊಂಡು ಬಂದ್ಲು. ನೆರಳಂದ್ರ ನೆರಳ, ಅದರಾಗೇನ್ ಅವಂದು ಇವಂದು?"

ರಾಜಶ್ರೀಗೆ ತಡೆಯಲಾಗಲಿಲ್ಲ. ಎದ್ದು ನಿಂತೇಬಿಟ್ಟಳು.

"ಹಂಗಲ್ಲ ಬೇ! ಕಂಡೋರ ನೆರಳು ತಂದ್ರ ನಡೀತೈತೇನ? ಅದು ಇವನ ಕಾಲಿಗೆ ನೆಟ್ಟಗ ಕೂಡೂದಿಲ್ಲ. ಇವ ಮನಿಕಡೆ ಹೊಂಟ್ರ ಅದು ತನ್ನ ಮನಿಕಡೆ ಎಳೀತೈತಿ. ಗುರುತಿಲ್ಲದ ಊರಾಗ, ಗುರುತಿಲ್ಲದ ಬಾಗಲದಾಗ ಒಯ್ದು ನಿಲ್ಲಿಸ್ತೈತಿ. ಆ ಮನಿಯಾಗಿನ ಮುದುಕಿ ಆ ನೆರಳು ನೋಡಿ, ನನ್ನ ಮಗ ಬಂದ ಅಂತ ಅಳಾಕ ನಿಲ್ತಾಳ..."

ಮಾತು ಅಲ್ಲಿಗೇ ನಿಂತಿತು.

"ಮುಂದ?" ಎಂದಳು ತನುಜಾ.

ಮುಂದೆ! ಏಳು ತಿಂಗಳಿಂದ ತಾನು ಹೇಮಗಂಧಿಗೆ ತಪ್ಪು ಮಾಡಲು ಬಿಟ್ಟೇ ಇರಲಿಲ್ಲ ಎಂಬುದು ರಾಜಶ್ರೀಗೆ ಆಗ ತಿಳಿಯಿತು. ಸರಿಯಾದ ನೆರಳೇ ಸಿಗಬೇಕೆಂದು ಹಟ ಹಿಡಿದು ಕೂತಿದ್ದಳು. ಕಥೆ ಇದ್ದದ್ದು ತಪ್ಪು ನೆರಳಿನಲ್ಲಿ. ಖುಷಿಗಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು: ಇಷ್ಟು ಸಣ್ಣ ಮಾತಿಗೆ ಏಳು ತಿಂಗಳೇ? ಅದೂ ನಾಗವ್ವನ ಬಾಯಿಂದಲೇ ಬರಬೇಕಿತ್ತೇ?

ಊಟದ ಹೊತ್ತಿನಲ್ಲಿ, ರೊಟ್ಟಿ ಬಿಚ್ಚದೆ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಬರೆದಳು. ಬೆಂಡಿಯ ಸಣ್ಣ ಮುಳ್ಳಿನಂಥ ಸುಂಕಿಗೆ ಬೆರಳು ತುರಿಸುತ್ತಿದ್ದವು. ಅಕ್ಷರ ತಪ್ಪಿದವು, ತಿದ್ದಲಿಲ್ಲ. ಮೂರು ದಿನದಲ್ಲಿ ಹದಿನಾಲ್ಕನೇ ಕಂತು ಮುಗಿಯಿತು.

ಆ್ಯಪಿಗೆ ಹಾಕುವ ಮುನ್ನ ಹೊಲದಲ್ಲಿ ಓದಿ ಹೇಳಿದಳು. ತನುಜಾ ಕಣ್ಣು ಒರೆಸಿಕೊಂಡಳು. ನಾಗವ್ವ ಮಾತ್ರ ಎಲೆ ಅಡಿಕೆ ಅಗಿಯುತ್ತ, "ನಾ ಹೇಳಿದ್ದ ಬರ್ದಿ ಬಿಡು. ಆದ್ರ ಆ ಮೂರು ಹೆಂಡಿರನ್ನ ಎಲ್ಲಿ ಬಿಟ್ಟಿ? ಅವರಿಲ್ಲಂದ್ರ ಕಥಿ ಸಪ್ಪಗಾಕ್ಕೈತಿ," ಎಂದಳು.

ರಾಜಶ್ರೀ ತನ್ನ ಸಾಲಿಗೆ ಮರಳಿ ಮೊಗ್ಗು ಸೀಳತೊಡಗಿದಳು. ಹದಿನೈದನೇ ಕಂತಿನಲ್ಲಿ ಆ ಮುದುಕಿಯ ಮನೆಯಿಂದ ಹೇಮಗಂಧಿಯ ತಮ್ಮನನ್ನು ಹೊರಗೆ ತರುವುದು ಹೇಗೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.