ಫಾಲೆಸಿ ತೋರಿಸಿದ ನಾಡಿ

ಫಾಲೆಸಿಯನ್ನು ನಮ್ಮ ಆಸ್ಪತ್ರೆಯವರೆಲ್ಲ ಅರೆನಿದ್ದೆಯ ಡಾಕ್ಟರಮ್ಮ ಎಂದು ಆಡಿಕೊಳ್ಳುತ್ತಿದ್ದರು. ಆಂಬ್ಯುಲೆನ್ಸ್ ಓಡಿಸುವ ನಾನೂ ಅದಕ್ಕೆ ಹೊರತಲ್ಲ. ನಾನು ಮಂಗೋಚಿಯ ಧೂಳುದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಗಾಡಿ ಹಾರಿಸಿಕೊಂಡು ಬಂದರೆ, ಈಕೆ ಒಳಗಿನಿಂದ ತೇಲಿದ ಹಾಗೆ ಬರುವಳು. ರೋಗಿಯ ಕೈ ಹಿಡಿದು, ಕಣ್ಣು ಅರೆ ಮುಚ್ಚಿ, ಏನೋ ಗುನುಗುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮಲಗೋದಾದ್ರೆ ಹೇಳಮ್ಮ, ಚಾಪೆ ಹಾಸ್ಕೊಡ್ತೀನಿ."

"ದಿಂಬೂ ಇರ್ಲಿ ಬ್ವನಾಲಿ ಅಣ್ಣ," ಎನ್ನುವಳು, ಕಣ್ಣು ತೆರೆಯದೆಯೇ.

ಅವಳಪ್ಪ ಸರೋವರದಲ್ಲಿ ಮೀನು ಹಿಡಿಯುತ್ತಿದ್ದವನು. ಚಿಕ್ಕಂದಿನಲ್ಲಿ ದೋಣಿಯಂಚಿಗೆ ಗಲ್ಲ ಊರಿ, ತಿಳಿನೀರಿನ ಆಳದಲ್ಲಿ ಮೀನು ಸುಳಿಯುವುದನ್ನು ನೋಡುತ್ತ ಊಟ ಮರೆಯುತ್ತಿದ್ದಳಂತೆ. ನ್ಸಿಮಾ ಮುದ್ದೆ ಆರಿಹೋಯಿತೆಂದು ಅವ್ವ ದಡದಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಳಂತೆ. ಓದಿ ಡಾಕ್ಟರಾಗಿ ತುರ್ತು ವಾರ್ಡಿಗೆ ಬಂದ ಮೇಲೆ ಸ್ಕ್ಯಾನಿಂಗ್ ಮೆಷಿನ್ ಮುಂದೆಯೂ ಅದೇ ಕಥೆ. ನಮಗೆ ಬರೀ ಬೂದು ಮಂಜು ಕಾಣುವ ಕಡೆ ಅವಳಿಗೆ ಏನೇನೋ ಈಜಾಡುತ್ತಿರುತ್ತಿತ್ತು.

ಒಂದು ಮಧ್ಯಾಹ್ನ ಜೈನಬು ಎಂಬ ಹುಡುಗಿಯನ್ನು ಕರೆತಂದೆ. ನ್ಯುಮೋನಿಯಾ ಬಲಿತು ಉಸಿರಿಗೆ ಒದ್ದಾಡುತ್ತಿದ್ದಳು; ಕೈಕಾಲು ತಣ್ಣಗಾಗಿದ್ದವು. ಜೊತೆಗೆ ಸೋದರಮಾವ ಉಸೇನಿ. ಯಾವೋ ಎಂಬ ನಮ್ಮ ಬುಡಕಟ್ಟಿನಲ್ಲಿ ಅಕ್ಕನ ಮಕ್ಕಳ ಮದುವೆಗೂ ಮದ್ದಿಗೂ ಸೋದರಮಾವನದೇ ಕೊನೆಯ ಮಾತು. ಹೆತ್ತವಳೂ ಅದನ್ನು ಮೀರುವಂತಿಲ್ಲ.

ಉಸಿರಾಟದ ಮೆಷಿನ್ ನಮ್ಮಲ್ಲಿದ್ದದ್ದೇ ಒಂದು. ಅದನ್ನು ಇವಳಿಗೆ ಹಾಕಲೇಬೇಕೇ, ಮೂಗಿಗೆ ಕೊಟ್ಟ ಆಕ್ಸಿಜನ್ ಸಾಕೇ ಎಂದು ತಿಳಿಯಲು ಅಪಧಮನಿಯ ರಕ್ತವೇ ಆಗಬೇಕು. ಅದು ಆಳದಲ್ಲಿರುವ ನಾಳ. ನಾಡಿ ಬೆರಳಿಗೆ ಬಡಿದರೆ ತಾನೆ ಎಲ್ಲಿದೆಯೆಂದು ಗೊತ್ತಾಗುವುದು. ಜೈನಬುವಿನ ಮಣಿಕಟ್ಟಿನಲ್ಲಿ ಏನೂ ಬಡಿಯುತ್ತಿರಲಿಲ್ಲ. ನರ್ಸ್ ಹುಡುಗ ಅಂದಾಜಿನ ಮೇಲೆ ಚುಚ್ಚಿದ, ಸಿಗಲಿಲ್ಲ. ಮತ್ತೆ ಚುಚ್ಚಿದ. ಉಸೇನಿ ಅಡ್ಡ ಬಂದ.

"ಸಾಕು ಮಾಡ್ರಪ್ಪ! ಹೋಗೋ ಜೀವ, ನೆಮ್ಮದಿಯಾಗಿ ಹೋಗ್ಲಿ. ರಕ್ತ ಹೀರೋರು ರಾತ್ರಿ ಊರೊಳಗೆ ಬರ್ತಾರೆ ಅಂತಿದ್ರು. ಇಲ್ನೋಡಿದ್ರೆ ಹಗಲಲ್ಲೇ ಕೋಟು ಹಾಕ್ಕೊಂಡು ನಿಂತಿದೀರಿ!"

ಫಾಲೆಸಿ ಸ್ಕ್ಯಾನಿಂಗ್ ಮೆಷಿನ್ ತಳ್ಳಿಕೊಂಡು ಬಂದಳು.

"ಇದು ಬಸುರೀರಿಗೆ ಹಾಕೋದಲ್ವಾ? ಅವಳಿಗಿನ್ನೂ ಮದ್ವೇನೇ ಆಗಿಲ್ಲ ತಾಯಿ! ಅದೂ ಕೈಗೆ ಹಿಡೀತೀಯಲ್ಲ, ಮಕ್ಕಳು ಕೈಯಲ್ಲಿ ಬೆಳೀತಾವಾ?"

ಪಕ್ಕದ ಮಂಚದ ಮುದುಕಿ ಕೆಮ್ಮುತ್ತಲೇ ನಕ್ಕಳು. ಫಾಲೆಸಿಯೂ ನಕ್ಕಳು. "ಮೊದ್ಲು ನಿಮ್ಮ ಕೈ ಕೊಡಿ ಮಾವ. ನಿಮಗೆಷ್ಟು ತಿಂಗಳು ನೋಡೋಣ."

ಕಿಟಕಿಯ ಪರದೆ ಎಳೆಸಿದಳು. ಮಧ್ಯಾಹ್ನವೇ ಮುಸ್ಸಂಜೆಯಾಯಿತು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಸರೋವರದ ಕಡೆಯ ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಉಸೇನಿಯ ಮಣಿಕಟ್ಟಿಗೆ ಜೆಲ್ಲು ಹಚ್ಚಿ ಮೆಷಿನ್ನಿನ ಹಿಡಿಯನ್ನು ಇಟ್ಟಾಗ ಬೂದು ಮಂಜಿನಲ್ಲಿ ಒಂದು ಕಪ್ಪು ದುಂಡು ಅರಳಿ, ಮುದುಡಿ, ಮತ್ತೆ ಅರಳಿತು.

"ಇದು ನೀವು," ಎಂದಳು.

ಅವನು ಬಾಯಿ ಬಿಟ್ಟುಕೊಂಡು ನೋಡಿದ. ಅವಳು ಅದೇ ಹಿಡಿಯನ್ನು ಜೈನಬುವಿನ ಮಣಿಕಟ್ಟಿಗೆ ಸರಿಸಿದಳು. ಮಂಜು, ಬರೀ ಮಂಜು. ಫಾಲೆಸಿ ಗುನುಗತೊಡಗಿದಳು. ಬೇಗ ಮಾಡೇ ತಾಯಿ ಎಂದು ಕಿರುಚಬೇಕೆನಿಸಿ ನಾನು ಹಲ್ಲು ಕಚ್ಚಿ ನಿಂತೆ. ಆಗ ಒಂದು ಮೂಲೆಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಮಿಸುಕಿತು. ಅವಳು ಹಗುರಾಗಿ ಒತ್ತಿದಳು. ಅಕ್ಕಪಕ್ಕದ ನಾಳಗಳು ಚಪ್ಪಟೆಯಾಗಿ ಮಾಯವಾದವು. ಇದೊಂದು ಮಾತ್ರ ಜಗ್ಗದೆ ಮಿಡಿಯುತ್ತಲೇ ಇತ್ತು.

"ಇದು ಜೈನಬು."

"ನನ್ನ ಬೆರಳಿಗೆ ಸಿಗ್ಲೇ ಇಲ್ವಲ್ಲ..." ಉಸೇನಿ ತನ್ನ ಬೆರಳುಗಳನ್ನೇ ನೋಡಿಕೊಂಡ. "ದಾರಿಯುದ್ದಕ್ಕೂ ಹುಡುಕಿದೆ."

"ಬೆರಳಿಗೆ ಸಿಗದಷ್ಟು ಸಣ್ಣಗಾಗಿದಾಳೆ, ಅಷ್ಟೆ. ಒಂದೇ ಸಲ ಚುಚ್ತೀನಿ ಮಾವ. ನೀವೂ ನೋಡ್ತಾ ಇರಿ."

ಅವನು ಸೊಸೆಯ ಅಂಗೈಯನ್ನು ತಾನೇ ಮೇಲೆ ಮಾಡಿ ಹಿಡಿದುಕೊಂಡ.

ಮಂಜಿನೊಳಗೆ ಸೂಜಿ ಬೆಳ್ಳಿ ಎಳೆಯಾಗಿ ಓರೆಯಾಗಿ ಇಳಿಯಿತು. ಎಳ್ಳುಕಾಳನ್ನು ಮುಟ್ಟಿತು. ಯಾರೂ ಎಳೆಯದೆ ರಕ್ತ ತಾನಾಗಿಯೇ ಸಿರಿಂಜಿಗೆ ಏರಿ ಬಂತು. ಅಷ್ಟು ಚಂದದ್ದನ್ನು ನಾನು ಆ ವಾರ್ಡಿನಲ್ಲಿ ನೋಡಿರಲಿಲ್ಲ. ಫಾಲೆಸಿ ಚುಚ್ಚಿದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದು ಕೂತೇ ಇದ್ದಳು.

ರಕ್ತದ ಫಲಿತಾಂಶ ಬಂತು: ಉಸಿರಾಟದ ಮೆಷಿನ್ ಬೇಕೇ ಬೇಕು. ಕೂಡಲೇ ಹಾಕಿದರು. ಸಂಜೆಯ ಹೊತ್ತಿಗೆ ಜೈನಬುವಿನ ಉಗುರುಗಳಿಗೆ ಬಣ್ಣ ಬಂತು. ಉಸೇನಿ ಅವಳ ಮಣಿಕಟ್ಟಿಗೆ ಬೆರಳಿಟ್ಟು ನೋಡಿದ. ಈ ಸಲ ಸಿಕ್ಕಿರಬೇಕು, ತುಟಿ ಅದುರಿತು. ಎದ್ದು ಜಗಲಿಗೆ ಬಂದು ನನ್ನ ಪಕ್ಕದಲ್ಲಿ ಕೂತು ಊರಿಗೆ ಫೋನು ಹಚ್ಚಿದ.

"ಅಗೆಯೋದು ನಿಲ್ಸಿ," ಎಂದ. ಆ ಕಡೆಯವರು ಏನೋ ಹೇಳಿದರು. "ಆಗಲೇ ಅಗೆದಾಯ್ತಾ? ಹಾಗಾದ್ರೆ ಬಾಳೆದಿಂಡು ಕಡಿದು ಅದರೊಳಗೆ ಹೂತುಬಿಡಿ. ತೋಡಿದ ಗೋರಿ ಬರಿದಾಗಿ ಬಿಡಬಾರ್ದು... ಹೂಂ, ಇದ್ದಾಳೆ. ಇದ್ದಾಳೆ ಕಣೋ, ನಾನೇ ಕಣ್ಣಾರೆ ನೋಡ್ದೆ."

ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಫಾಲೆಸಿ ಅದನ್ನು ಕೇಳಿಸಿಕೊಂಡಳು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.