ಪೊಟ್ಟಣ ಕಟ್ಟಿದ ವರದಿ

ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಮೆಟ್ಟಿಲ ಕೆಳಗಿನ ಕಿರುಕೋಣೆಯೇ ಗ್ರಂಥಾಲಯ. ಅದನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಒಂದುಪುಟದಕ್ಕ ಎನ್ನುತ್ತಿದ್ದರು. ಇನ್ನೂರು ಪುಟದ ಸಂಶೋಧನೆಯನ್ನು ಕೊಟ್ಟರೂ ಸಂಜೆಯೊಳಗೆ ಹಿಂಡಿ ಒಂದೇ ಪುಟಕ್ಕಿಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಹಿಂಡಿದರೂ ಓದುವವರು ಮಾತ್ರ ಹುಟ್ಟಲಿಲ್ಲ.

ಆ ವರ್ಷ ಊರಲ್ಲಿ ಸೊಳ್ಳೆ ತರುವ ಜ್ವರ ಹೆಚ್ಚಿತು. ದೊಡ್ಡ ಸಾಹೇಬರು ಹೊಗೆ ಬಿಡುವ ನಲವತ್ತು ಯಂತ್ರ ತರಿಸಲು ಹೊರಟರು. ಹೊಗೆ ಎದ್ದರೆ ಜನರ ಕಣ್ಣಿಗೆ ಕೆಲಸ ಕಾಣುತ್ತದೆ, ಪತ್ರಿಕೆಗೆ ಫೋಟೋ ಸಿಗುತ್ತದೆ. ಅಕ್ಕ ಹನ್ನೊಂದು ಅಧ್ಯಯನಗಳನ್ನು ಜಾಲಾಡಿ, ಪುಟ ಹಿಡಿದು ಮಹಡಿ ಹತ್ತಿದರು.

"ಸರ್, ಹೊಗೆಗೆ ಸಾಯೋದು ಹಾರೋ ಸೊಳ್ಳೆ. ಮರಿಗಳು ಡ್ರಮ್ಮಿನ ನೀರಲ್ಲಿ ಹಾಯಾಗಿರ್ತವೆ."

"ಅಲ್ಲಿಡಿ ಅಮ್ಮ, ಬಿಡುವಾದಾಗ ನೋಡ್ತೀನಿ."

ಮರುದಿನ ಆ ಪುಟದ ಮೇಲೆ ಟೀ ಲೋಟ ಕೂತಿತ್ತು.

ಅಕ್ಕನಿಗೆ ಹೊಟ್ಟೆ ಉರಿಯಿತು. ಉರಿದ ಹೊಟ್ಟೆಯಲ್ಲೇ ಒಂದು ಕಿತಾಪತಿ ಹೊಳೆಯಿತು. ಗೇಟಿನ ಬಳಿ ಹುರಿದ ಕಡಲೆಕಾಯಿ ಮಾರುತ್ತಿದ್ದವನು ಅವರ ಸ್ವಂತ ತಮ್ಮ. ಸಾಹೇಬರು ದಿನಾ ನಾಲ್ಕಕ್ಕೆ ಒಂದು ಪೊಟ್ಟಣ ಕೊಂಡು, ಕಾಯಿ ಮುಗಿದ ಮೇಲೆ ಕಾಗದ ಬಿಡಿಸಿ, ಹರಕು ಜಾಹೀರಾತನ್ನೂ ಬಿಡದೆ ಓದುತ್ತಾರೆಂಬ ಗುಟ್ಟು ಅವನಿಗೆ ಗೊತ್ತಿತ್ತು.

"ಲೋ, ನಾಳೆಯಿಂದ ಸಾಹೇಬ್ರಿಗೆ ನನ್ನ ವರದಿಯ ಈ ಹರಕು ಕಾಗದದಲ್ಲೇ ಕಟ್ಟಿಕೊಡು."

"ಸಿಕ್ಕಿಬಿದ್ರೆ ನನ್ನ ಗಾಡಿ ಎತ್ತಿಸ್ತಾರೆ ಕಣಕ್ಕ!"

"ನನ್ನ ಗ್ರಂಥಾಲಯದೊಳಗೆ ಬಚ್ಚಿಡು. ಅಲ್ಲಿಗೆ ಯಾರೂ ಬರಲ್ಲ."

ಮೊದಲ ದಿನದ ಪೊಟ್ಟಣದಲ್ಲಿ ಹೀಗಿತ್ತು: 'ಆರು ವಾರ ಹೊಗೆ ಬಿಟ್ಟು ಸೊಳ್ಳೆ ಎಣಿಸಿದಾಗ ಆ ಪಟ್ಟಣದವರಿಗೆ ಕಂಡದ್ದು...' ಅಲ್ಲಿಗೆ ಕಾಗದ ಹರಿದಿತ್ತು. ಎರಡನೆಯ ದಿನ: 'ಹೊಗೆ ಬಿಟ್ಟ ಬೀದಿಗೂ ಬಿಡದ ಬೀದಿಗೂ ವ್ಯತ್ಯಾಸವಿಲ್ಲದೆ, ಕೊನೆಗೆ ಅವರು ಮಾಡಿದ್ದು...' ಮತ್ತೆ ಹರಿದಿತ್ತು. ಮೂರನೆಯ ದಿನ ತಮ್ಮ ಬೇಕೆಂದೇ ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟ.

"ಏನಯ್ಯಾ ಇದು? ಮುಂದಿಂದು ಎಲ್ಲಿ?"

ತಮ್ಮ ಮೆಟ್ಟಿಲ ಕೆಳಗಿನ ಕೋಣೆಯ ಕಡೆ ಬೆರಳು ತೋರಿಸಿದ.

ಸಾಹೇಬರು ಮೊದಲ ಬಾರಿಗೆ ಗ್ರಂಥಾಲಯಕ್ಕೆ ಬಂದರು. ಬಗ್ಗಬೇಕೆಂದು ತಿಳಿಯದೆ ಹಣೆ ಚಚ್ಚಿಕೊಂಡರು.

"ಕೊನೆಗೆ ಏನ್ಮಾಡಿದ್ರು ಅವರು?"

"ಡ್ರಮ್ಮಿಗೆ ಮುಚ್ಚಳ ಹಾಕಿಸಿದ್ರು ಸರ್. ವಾರಕ್ಕೊಂದ್ಸಲ ನೀರು ಚೆಲ್ಲಿ ತಿಕ್ಕಿಸಿದ್ರು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಸರ್. ಜೊತೆಗೆ ಕಡಲೆಕಾಯಿ ಇರಲಿಲ್ಲ."

ಸಾಹೇಬರು ಹಣೆ ಉಜ್ಜಿಕೊಳ್ಳುತ್ತಾ ಒಂದು ಗಳಿಗೆ ದುರುಗುಟ್ಟಿದರು. ಆಮೇಲೆ ನಗು ತಡೆಯಲಾರದೆ ಅಲ್ಲೇ ಸ್ಟೂಲೆಳೆದು ಕೂತು, ಪೂರ್ತಿ ಪುಟ ಓದಿದರು.

ನಲವತ್ತು ಯಂತ್ರ ನಾಲ್ಕಕ್ಕಿಳಿಯಿತು. ಉಳಿದ ಹಣದಲ್ಲಿ ಮನೆಮನೆಗೆ ಮುಚ್ಚಳ ಹೋಯಿತು. ಎರಡು ತಿಂಗಳಲ್ಲಿ ಜ್ವರ ತಗ್ಗಿದಾಗ ಸಾಹೇಬರು ಸಭೆಯಲ್ಲಿ ಎದೆಯುಬ್ಬಿಸಿ, "ಎಲ್ಲಾ ಮುಚ್ಚಳದ ಮಹಿಮೆ!" ಎಂದರು. ಆ ಸಭೆಯಲ್ಲಿ ಅಕ್ಕನಿಗೂ ಈಗ ಒಂದು ಕುರ್ಚಿಯಿತ್ತು. ಅವರು ಕೈಯೆತ್ತಿದರು.

"ಮುಚ್ಚಳದಿಂದಲೋ, ಮಳೆ ನಿಂತದ್ದರಿಂದಲೋ? ಎಣಿಸಿ ನೋಡ್ಬೇಕು ಸರ್."

ಸಾಹೇಬರ ಎದೆ ಸ್ವಲ್ಪ ಇಳಿಯಿತು. "ನಿಮ್ಮ ಕಾಟ ತಪ್ಪಿದ್ದಲ್ಲ. ನಡೀರಿ!"

ಮರುವಾರವೆಲ್ಲ ಅಕ್ಕ ಟಾರ್ಚು ಹಿಡಿದು ಬೀದಿಬೀದಿಯ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಮುಚ್ಚಿದ ಡ್ರಮ್ಮುಗಳಲ್ಲಿ ಮರಿ ಅಪರೂಪ; ಮುಚ್ಚಳವನ್ನು ಮಣೆ ಮಾಡಿಕೊಂಡು ಕೂತವರ ಮನೆಯ ಡ್ರಮ್ಮುಗಳಲ್ಲಿ ಗಿಜಿಗಿಜಿ. ಅಕ್ಕ ಕೂಗಿ ಹೇಳಿದ ಲೆಕ್ಕವನ್ನೆಲ್ಲ, ಪ್ಯಾಂಟು ಮಡಚಿಕೊಂಡು ಪಕ್ಕದಲ್ಲಿ ನಿಂತ ದೊಡ್ಡ ಸಾಹೇಬರು ತಪ್ಪದೆ ಬರೆದುಕೊಂಡರು.